ಕಳ್ಳರಿಗೇ ಬೋರ್ಡ್ ಬರೆಸಿದ ಕತೆ

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು. ಬೆಳಿಗ್ಗೆ ಆರೂವರೆಗೆ ಪಕ್ಕದ ತೋಟದವರು ಫೋನ್ ಮಾಡಿದರು. "ಅಣ್ಣಾ, ನಿಮ್ ಬೋರಿನ ಹತ್ರ ವೈರ್ ಕಾಣ್ತಿಲ್ಲ ಕಣಣ್ಣ. ನಮ್ದೂ ಹೋಗೈತೆ."

ನಮ್ಮದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕು. ನಾಲ್ಕು ಎಕರೆ ಅಡಿಕೆ, ನೀರಿರುವುದು ಒಂದೇ ಬೋರಲ್ಲಿ. ಹತ್ತು ಎಚ್‌ಪಿ ಮೋಟಾರು. ಸ್ಟಾರ್ಟರ್ ಪೆಟ್ಟಿಗೆ ರಸ್ತೆ ಪಕ್ಕದ ಪಂಪ್‌ಮನೆಯಲ್ಲಿ, ಬೋರು ತೋಟದ ಒಳಗೆ. ಎರಡರ ನಡುವೆ 80 ಮೀಟರ್. ಅಷ್ಟುದ್ದಕ್ಕೂ ತಾಮ್ರದ ಕೇಬಲ್ ಅಡಿಕೆ ಸೋಗೆ (ಒಣ ಗರಿ) ಕೆಳಗೆ ನೆಲದ ಮೇಲೇ ಬಿದ್ದಿತ್ತು. ನಮ್ಮ ಕಡೆ ಎಲ್ಲರದ್ದೂ ಹಾಗೇ. ಹೂಳಿದರೆ ಗುದ್ದಲಿ ತಾಗುತ್ತದೆ, ಇಲಿ ಕಡಿಯುತ್ತದೆ, ರಿಪೇರಿ ಬಂದರೆ ಮತ್ತೆ ಅಗೆಯಬೇಕು. ಹೀಗೆ ಏನೇನೋ ಕಾರಣ ಹೇಳಿಕೊಂಡು ಸುಮ್ನೆ ಇದ್ದೆವು.

ಹೋಗಿ ನೋಡಿದರೆ ಎರಡೂ ತುದಿ ನೀಟಾಗಿ ಕತ್ತರಿಸಿದ್ದರು. ಆ ರಾತ್ರಿ ನಮ್ಮ ಸಾಲಿನಲ್ಲಿ ಐದು ತೋಟದ ವೈರ್ ಹೋಗಿತ್ತು. ಊರಿಗೆ ಇರುವುದು ಒಬ್ಬನೇ ಮೋಟಾರ್ ರಿಪೇರಿಯವನು. ನನ್ನ ಸರದಿ ಬರುವಷ್ಟರಲ್ಲಿ ಆರು ದಿನ ಆಯಿತು. ಮಾರ್ಚ್ ಬಿಸಿಲಲ್ಲಿ ಆರು ದಿನ ನೀರಿಲ್ಲದ ತೋಟ ಹೇಗಿರುತ್ತದೆ ಅಂತ ಅಡಿಕೆ ಬೆಳೆದವರಿಗೆ ಹೇಳಬೇಕಾಗಿಲ್ಲ. ವೈರಿನ ದುಡ್ಡು ಹೆಂಗೋ ಹೊಂದಿಸಬಹುದು. ಉದುರಿದ ಹರಳು, ಅಂದರೆ ಎಳೆ ಅಡಿಕೆ ಕಾಯಿ, ಮತ್ತೆ ಮರಕ್ಕೆ ಹತ್ತುತ್ತಾ?

ಸುಮಾರು 20 ಸಾವಿರ ಕೊಟ್ಟು ಹೊಸ ಕೇಬಲ್ ಎಳೆಸಿದೆ. ನಲವತ್ತು ದಿನ ಕಳೆದ ಮೇಲೆ ಅದೂ ಹೋಯಿತು. ಆಗ ಹೊಳೆಯಿತು: ಮೊದಲ ಸಲ ಕದ್ದವರಿಗೆ ನಾನು ಹೊಸದು ಹಾಕಿಸುತ್ತೇನೆ ಅಂತ ಗೊತ್ತಿತ್ತು. ಅವರು ಕಾದಿದ್ದರು ಅಷ್ಟೇ.

ಇನ್ನೊಂದು ವಿಷಯವೂ ಅವರಿಗೆ ಗೊತ್ತಿತ್ತು. ಪಂಪ್‌ಸೆಟ್‌ಗೆ ಮೂರು ಫೇಸ್ ಕರೆಂಟ್ ಕೊಡುವುದು ದಿನಕ್ಕೆ ಏಳು ಗಂಟೆ. ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಅನ್ನುವುದು ಊರಿಗೆಲ್ಲ ಬಾಯಿಪಾಠ. ಕರೆಂಟ್ ಇಲ್ಲದ ಹೊತ್ತಲ್ಲಿ ಕತ್ತರಿ ಹಾಕಿದರೆ ಶಾಕ್ ಹೊಡೆಯುವ ಭಯವೂ ಇಲ್ಲ. ನನ್ನ ಹತ್ತಿರ ಮೊಬೈಲ್ ಸ್ಟಾರ್ಟರ್ ಇತ್ತು, ಫೋನಿನಿಂದಲೇ ಮೋಟಾರ್ ಹಾಕಿ ಆರಿಸುವಂಥದ್ದು. ಮೋಟಾರ್ ಓಡುವಾಗ ನೀರು ನಿಂತರೆ ಅದು ಫೋನ್ ಮಾಡುತ್ತದೆ. ಮೋಟಾರ್ ನಿಂತಿರುವಾಗ ವೈರ್ ಕೊಯ್ದುಕೊಂಡು ಹೋದರೆ ಅದಕ್ಕೇನು ಗೊತ್ತಾಗಬೇಕು, ಪಾಪ.

ಎರಡನೇ ಸಲ ಹೋದಾಗ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. 6 ಚದರ ಮಿ.ಮೀ.ನ ಮೂರು ಕೋರ್ (ಒಳಗೆ ಮೂರು ತಂತಿ ಇರುವ) ಕೇಬಲ್, 80 ಮೀಟರ್. ಅದರಲ್ಲಿ ಹೆಚ್ಚುಕಮ್ಮಿ 13 ಕೆ.ಜಿ. ತಾಮ್ರ ಇರುತ್ತದೆ. ಮೇಲಿನ ಪ್ಲಾಸ್ಟಿಕ್ ಸುಟ್ಟು ಗುಜರಿಗೆ ಹಾಕಿದರೆ ಏಳು ಸಾವಿರ ಸಿಗಬಹುದು. ಕೆಲಸ ಹತ್ತು ನಿಮಿಷದ್ದು. ಒಂದೇ ರಾತ್ರಿ ಐದು ತೋಟ ಅಂದರೆ 35 ಸಾವಿರ. ನಾನು ಕಳ್ಳನಾಗಿದ್ದರೂ ಇದನ್ನೇ ಮಾಡುತ್ತಿದ್ದೆ ಅನ್ನಿಸಿತು.

ಹಾಗಾದರೆ ಆ ಏಳು ಸಾವಿರವನ್ನೇ ಇಲ್ಲದ ಹಾಗೆ ಮಾಡಬೇಕು. ಬೀಗ, ಬೇಲಿ, ನಾಯಿ ಎಲ್ಲ ಆಮೇಲಿನ ಮಾತು.

ಬೋರಿನ ಒಳಗಿನ ಕೇಬಲ್ ತಾಮ್ರದ್ದೇ ಇರಲಿ ಅಂತ ಬಿಟ್ಟೆ. ಅದನ್ನು ಎಳೆಯಬೇಕೆಂದರೆ ಪೈಪು, ಮೋಟಾರು ಎಲ್ಲ ಮೇಲೆತ್ತಬೇಕು, ಅದು ಕ್ರೇನ್ ಗಾಡಿಯ ಕೆಲಸ. ಮೇಲಿನ 80 ಮೀಟರಿಗೆ ಮಾತ್ರ ಅಲ್ಯೂಮಿನಿಯಂ ಕೇಬಲ್ ತಂದೆ. ಒಂದು ಮಾತು ನೆನಪಿಡಬೇಕು. ತಾಮ್ರದಷ್ಟೇ ದಪ್ಪದ ಅಲ್ಯೂಮಿನಿಯಂ ಹಾಕಿದರೆ ವೋಲ್ಟೇಜ್ ಇಳಿದು ಮೋಟಾರ್ ಬಿಸಿಯಾಗುತ್ತದೆ. ಚದರ ಮಿ.ಮೀ. ಲೆಕ್ಕದಲ್ಲಿ ಸುಮಾರು 1.6 ಪಟ್ಟು ದಪ್ಪ ಬೇಕು. 6ರ ತಾಮ್ರ ಇದ್ದ ಕಡೆ ನಾನು 10ರ ಅಲ್ಯೂಮಿನಿಯಂ ಹಾಕಿಸಿದೆ. ಆದರೂ ರೇಟು ತಾಮ್ರದ ಅರ್ಧಕ್ಕಿಂತ ಕಡಿಮೆ ಬಿತ್ತು. ಅದನ್ನು ಕದ್ದರೆ ಸಿಗುವುದು ಆರೂವರೆ ಕೆ.ಜಿ. ಅಲ್ಯೂಮಿನಿಯಂ, ಗುಜರಿಯಲ್ಲಿ ಸಾವಿರ ರೂಪಾಯಿ ಆಸುಪಾಸು.

ಇಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ರಿಪೇರಿಯವನು ಬೋರಿನ ಬಾಯಲ್ಲಿ ತಾಮ್ರಕ್ಕೆ ಅಲ್ಯೂಮಿನಿಯಂ ಹೊಸೆದು ಟೇಪ್ ಸುತ್ತಿ ಹೋದ. ಒಂದು ಮಳೆಗಾಲ ತಡೆಯಲಿಲ್ಲ. ಜಾಯಿಂಟ್ ಬೆಳ್ಳಗೆ ಬೂದಿ ಹಿಡಿದು ಸುಟ್ಟಿತು. ಆ ಎರಡು ಲೋಹ ತೇವದಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದಂತೆ. ಆಮೇಲೆ ಬೈಮೆಟಲ್ ಲಗ್ (ಒಂದು ಕಡೆ ತಾಮ್ರ, ಇನ್ನೊಂದು ಕಡೆ ಅಲ್ಯೂಮಿನಿಯಂ ಇರುವ ಜೋಡಣೆ ತುಂಡು) ತರಿಸಿ, ಮಳೆ ನೀರು ಹೋಗದ ಡಬ್ಬಿಯೊಳಗೆ ಬೋಲ್ಟ್ ಹಾಕಿಸಿದೆ. ಇಲ್ಲಿವರೆಗೂ ತೊಂದರೆ ಇಲ್ಲ. ಲಗ್‌ಗೆ ಖರ್ಚಾಗಿದ್ದು ಚಹಾ ತಿಂಡಿಯ ದುಡ್ಡು. ಅದನ್ನು ಮೊದಲೇ ಮಾಡಿದ್ದರೆ ಇನ್ನೆರಡು ದಿನದ ನೀರು ಉಳಿಯುತ್ತಿತ್ತು.

ಕೇಬಲನ್ನು ಹಳೆ ಪೈಪಿನೊಳಗೆ ತೂರಿಸಿ ಎರಡು ಅಡಿ ಆಳಕ್ಕೆ ಹೂಳಿಸಿದೆ. ಜೆಸಿಬಿ ಅರ್ಧ ದಿನ. ಎರಡೂ ತುದಿಯಲ್ಲಿ ಕಾಂಕ್ರೀಟ್.

ಕತ್ತಲಲ್ಲಿ ಬರುವವನಿಗೆ ಇದು ಅಲ್ಯೂಮಿನಿಯಂ ಅಂತ ಹೇಗೆ ಗೊತ್ತಾಗಬೇಕು? ಕತ್ತರಿಸಿದ ಮೇಲೆ ಗೊತ್ತಾದರೆ ನನಗೇನು ಲಾಭ? ಹಾಗಾಗಿ ಪಂಪ್‌ಮನೆ ಗೋಡೆ ಮೇಲೆ ದೊಡ್ಡದಾಗಿ ಬರೆಸಿದೆ: "ಇಲ್ಲಿ ತಾಮ್ರ ಇಲ್ಲ. ಅಲ್ಯೂಮಿನಿಯಂ ವೈರ್." ಜೊತೆಗೆ ಸಿಪ್ಪೆ ಸುಲಿದ ಒಂದು ಗೇಣು ಕೇಬಲ್ ನೇತು ಹಾಕಿದೆ, ಬೆಳ್ಳಗೆ ಕಾಣುವ ಹಾಗೆ. "ಕಳ್ಳರಿಗೆ ಬೋರ್ಡ್ ಬರೆಸಿದ ಮೊದಲನೇ ಮನುಷ್ಯ ನೀವೇ ಇರ್ಬೇಕು" ಅಂತ ನನ್ನ ಹೆಂಡತಿ ನಕ್ಕಳು. ನಗಲಿ. ಆಮೇಲೆ ನಮ್ಮ ಸಾಲಿನಲ್ಲಿ ಇನ್ನೂ ಎರಡು ಸಲ ಕಳ್ಳತನ ಆಯಿತು, ನಮ್ಮದು ಮುಟ್ಟಲಿಲ್ಲ. ಈಗ ಅಂಥ ಬೋರ್ಡ್ ಐದಾರು ಕಡೆ ಇದೆ. ಒಬ್ಬರು ಮಾತ್ರ ತಾಮ್ರದ ವೈರ್ ಇಟ್ಟುಕೊಂಡೇ ಬೋರ್ಡ್ ಬರೆಸಿದ್ದಾರೆ. ಯಾರು ಅಂತ ಹೇಳಲ್ಲ.

ಕ್ಯಾಮೆರಾ ಹಾಕಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿದ್ದೆ, ಸೋಲಾರ್‌ದು, ಸಿಮ್ ಹಾಕುವಂಥದ್ದು. ನವಿಲು, ನರಿ, ಗಾಳಿಗೆ ಅಲ್ಲಾಡುವ ಸೋಗೆ, ಎಲ್ಲಕ್ಕೂ ರಾತ್ರಿಯಿಡೀ ಫೋನ್ ಕುಯ್ ಅನ್ನುತ್ತಿತ್ತು. ವಾರದಲ್ಲಿ ಸೌಂಡ್ ಆಫ್ ಮಾಡಿದೆ. ಅದನ್ನು ಈಗ ಮನೆ ಮುಂದಿನ ಕಣಕ್ಕೆ ಹಾಕಿದ್ದೇನೆ, ಅಲ್ಲಿ ಕೆಲಸಕ್ಕೆ ಬರುತ್ತದೆ. ಬೇಯಿಸಿ ಒಣಗಲು ಹಾಕಿದ ಅಡಿಕೆ ಬೆಲೆಬಾಳುವ ಮಾಲು, ಅಲ್ವಾ? ಹಾಗಂತ ಕ್ಯಾಮೆರಾ ನಂಬಿ ಯಾರೂ ಮಲಗಲ್ಲ. ಸುಗ್ಗಿಯಲ್ಲಿ ನಾನೋ ತಮ್ಮನೋ ಕಣದಲ್ಲೇ ಚಾಪೆ ಹಾಸುತ್ತೇವೆ. ಒಣಗಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಆ ವಾರವೇ ಭೀಮಸಮುದ್ರದ ಅಡಿಕೆ ಮಾರುಕಟ್ಟೆಗೆ ಸಾಗಿಸುತ್ತೇವೆ. ರೇಟು ಏರುತ್ತದೆ ಅಂತ ಕಾಯುವ ಆಸೆ ಬಿಟ್ಟಿದ್ದೇನೆ.

ಇನ್ನು ಬೇಲಿ. ರಾತ್ರಿ ಹೊತ್ತು ತಂತಿಗೆ ನೇರ ಕರೆಂಟ್ ಕೊಟ್ಟುಬಿಡಿ ಅಂತ ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ಸೋಲಾರ್ ಬೇಲಿ ಬೇರೆ, ಅದು ಬ್ಯಾಟರಿಯಿಂದ ಬಿಟ್ಟು ಬಿಟ್ಟು ಹೊಡೆಯುತ್ತದೆ, ಚುರ್ ಅಂದು ಕೈ ಬಿಡುತ್ತದೆ. ಲೈನಿನ ಕರೆಂಟ್ ಕೈ ಬಿಡುವುದಿಲ್ಲ. ಸತ್ತವನು ಕಳ್ಳನೇ ಆಗಿದ್ದರೂ ಜೈಲಿಗೆ ಹೋಗುವವನು ತೋಟದವನು. ಬೆಳಗಿನ ಜಾವ ಬಯಲಿಗೆ ಬಂದ ನಮ್ಮೂರ ಅಜ್ಜಿಯೋ ಕುರಿ ಕಾಯುವ ಹುಡುಗನೋ ಸಿಕ್ಕಿಕೊಂಡರೆ?

ದೂರಿನ ವಿಷಯ. ಮೊದಲ ಸಲ ಠಾಣೆಗೆ ಹೋದಾಗ "ವೈರಿಗೆಲ್ಲ ಏನ್ರೀ ಕೇಸು" ಅಂದರು. ನಾನೂ ವಾಪಸ್ ಬಂದೆ. ತಪ್ಪು ಮಾಡಿದೆ. ಎರಡನೇ ಸಲ ಐದು ಜನ ಒಟ್ಟಿಗೆ ಹೋದೆವು, ಬಿಲ್ಲು, ಕತ್ತರಿಸಿದ ತುದಿಯ ಫೋಟೊ ತೆಗೆದುಕೊಂಡು. ಕಳ್ಳತನಕ್ಕೆ ಹಿಂದೆ ಐಪಿಸಿ ಸೆಕ್ಷನ್ 379 ಅನ್ನುತ್ತಿದ್ದರು, 2024ರ ಜುಲೈಯಿಂದ ಹೊಸ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಸೆಕ್ಷನ್ 303. ಎಫ್‌ಐಆರ್ ಪ್ರತಿ ನಮಗೆ ಪುಕ್ಕಟೆ ಕೊಡಬೇಕು, ಕೇಳಿ ಇಸ್ಕೊಳ್ಳಿ. ದೂರು ತಗೊಳ್ಳಲ್ಲ ಅಂದರೆ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು. "ನಿಮ್ಮ ವಸ್ತುವಿಗೆ ಗುರುತೇನು?" ಅಂತ ಬರೆಯುವಾಗ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಸುಟ್ಟ ತಾಮ್ರಕ್ಕೆ ಯಾರ ಗುರುತೂ ಇಲ್ಲ. ಈಗ ಸ್ಟಾರ್ಟರ್, ಮೋಟಾರ್, ಸ್ಪ್ರೇ ಪಂಪು, ಗೊನೆ ಕೀಳುವ ದೋಟಿ ಎಲ್ಲದಕ್ಕೂ ಇನಿಷಿಯಲ್ ಕೊರೆಸಿ ಫೋಟೊ ಇಟ್ಟುಕೊಂಡಿದ್ದೇನೆ.

ಅವತ್ತು ಇನ್ನೊಂದು ಪ್ರಶ್ನೆಯೂ ಕೇಳಿದರು. ಯಾರ ಮೇಲಾದರೂ ಅನುಮಾನ ಇದೆಯಾ?

ನಮ್ಮ ತೋಟದಲ್ಲಿ ಒಂಬತ್ತು ವರ್ಷದಿಂದ ಗೊನೆ ಕೀಳುತ್ತಿದ್ದವನು ಒಬ್ಬ ಇದ್ದ. ಅದರ ಹಿಂದಿನ ವಾರ ಮಗಳ ಆಸ್ಪತ್ರೆ ಖರ್ಚಿಗೆ ಮುಂಗಡ ಕೇಳಿದ್ದ, ನಾನು ಇಲ್ಲ ಅಂದಿದ್ದೆ. ಮುಖ ಸಣ್ಣ ಮಾಡಿಕೊಂಡು ಹೋಗಿದ್ದ. ಅಷ್ಟೇ ಕಾರಣ. ದೂರಿನಲ್ಲಿ ಬರೆಸಲಿಲ್ಲ, ಬಾಯಲ್ಲಿ ಅವನ ಹೆಸರು ಹೇಳಿದೆ. ಎರಡು ದಿನ ಅವನನ್ನು ಕರೆಸಿ ಕೂರಿಸಿದರು. ಎರಡು ದಿನದ ಕೂಲಿ ಹೋಯಿತು, ಊರವರ ಕಣ್ಣಲ್ಲಿ ಇನ್ನೇನೇನು ಹೋಯಿತೋ.

ಮೂರು ತಿಂಗಳಾದ ಮೇಲೆ ಬೇರೆ ತಾಲ್ಲೂಕಿನಲ್ಲಿ ಗೂಡ್ಸ್ ಗಾಡಿ ಸಮೇತ ನಾಲ್ಕು ಜನ ಸಿಕ್ಕಿಬಿದ್ದರು. ಹಗಲು ಹಳೆ ಕಬ್ಬಿಣ ಕೊಳ್ಳುವ ನೆಪದಲ್ಲಿ ತೋಟದ ದಾರಿ ನೋಡಿಕೊಂಡು ಹೋಗುತ್ತಿದ್ದರಂತೆ. ನಮ್ಮ ಮನೆಯ ಒಡೆದ ಸ್ಟಾರ್ಟರ್ ಪೆಟ್ಟಿಗೆಯನ್ನು ಅವರಿಗೇ ಮಾರಿದ್ದೆ, ನಾನೇ.

ಗೊನೆ ಕೀಳುತ್ತಿದ್ದವನ ಮನೆಗೆ ಹೋದೆ. "ಆಯ್ತು ಬಿಡಿ ಅಣ್ಣಾ" ಅಂದ, ನೀರು ಕೊಟ್ಟ. ಮತ್ತೆ ನಮ್ಮ ತೋಟಕ್ಕೆ ಬರಲಿಲ್ಲ. ಈಗಲೂ ದೋಟಿ ಹೆಗಲ ಮೇಲೆ ಹಾಕಿಕೊಂಡು ನಮ್ಮ ಬೋರ್ಡಿನ ಮುಂದೆಯೇ ಪಕ್ಕದವರ ತೋಟಕ್ಕೆ ಹೋಗುತ್ತಾನೆ. ನಮ್ಮ ನಾಯಿ ಬಾಲ ಆಡಿಸುತ್ತ ಬದುವಿನ ತನಕ ಅವನ ಹಿಂದೆ ಹೋಗಿ ಬರುತ್ತದೆ.