ಕಬ್ಬು ಬೇರೆ, ಕಬ್ಬಿನ ಸಕ್ಕರೆ ಬೇರೆ: ಇಂಗ್ಲಿಷಿನ ಸಮಾಸಪದಗಳನ್ನು ಬಿಡಿಸಿ ಬರೆಯುವ ಬಗೆ

ಶುಗರ್‌ಕೇನ್ ಎಂದರೆ ಕಬ್ಬು. ಕೇನ್ ಶುಗರ್ ಎಂದರೆ ಕಬ್ಬಿನಿಂದ ತೆಗೆದ ಸಕ್ಕರೆ. ಒಂದು ಗದ್ದೆಯಿಂದ ಗಾಡಿಯಲ್ಲಿ ಕಾರ್ಖಾನೆಗೆ ಹೋಗುವಂಥದ್ದು, ಇನ್ನೊಂದು ಕಾರ್ಖಾನೆಯಿಂದ ಮೂಟೆಯಲ್ಲಿ ಹೊರಗೆ ಬರುವಂಥದ್ದು. ಪದಗಳು ಅವೇ ಎರಡು, ಕೂತ ಜಾಗ ಮಾತ್ರ ಅದಲುಬದಲಾಗಿದೆ. ಮಂಡ್ಯದಲ್ಲಿ ಸಂಜೆಯ ಹೊತ್ತು ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ನಾನು ಸಮಾಸಪದಗಳ ಪಾಠವನ್ನು ಯಾವಾಗಲೂ ಈ ಜೋಡಿಯಿಂದಲೇ ಆರಂಭಿಸುತ್ತೇನೆ. ಕಬ್ಬು ಯಾವುದು, ಸಕ್ಕರೆ ಯಾವುದು ಎಂಬುದನ್ನು ಈ ಊರಿನ ಮಕ್ಕಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷಿನ ಸಮಾಸಪದಗಳನ್ನು ಕಲಿಯಲು ಹೊಸದಾಗಿ ಒಂದು ವ್ಯಾಕರಣ ಪುಸ್ತಕವನ್ನು ಕೊಳ್ಳುವ ಅಗತ್ಯವಿಲ್ಲವೆಂಬುದು ನನ್ನ ಅನುಭವ. ಕನ್ನಡ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನವೇ ಮರೆತುಬಿಟ್ಟ ಸಮಾಸ ಪ್ರಕರಣವೇ ಇಲ್ಲಿ ಮುಕ್ಕಾಲು ಪಾಲು ಕೆಲಸವನ್ನು ಮಾಡಿಕೊಡುತ್ತದೆ. ಪೂರ್ವಪದ (ಸಮಾಸದ ಮೊದಲ ಪದ), ಉತ್ತರಪದ (ಅದರ ನಂತರದ ಪದ), ವಿಗ್ರಹವಾಕ್ಯ (ಸಮಾಸವನ್ನು ಬಿಡಿಸಿ ಹೇಳುವ ಮಾತು) ಎಂಬ ಮೂರು ಮಾತುಗಳನ್ನು ನೆನಪಿಗೆ ತಂದುಕೊಂಡರೆ ಸಾಕು.

ಮೊದಲು ಮಾಡಬೇಕಾದದ್ದು ಉತ್ತರಪದವನ್ನು ನೋಡುವುದು. ‘ಮಳೆಗಾಲ’ ಒಂದು ಬಗೆಯ ಕಾಲವೇ ಹೊರತು ಒಂದು ಬಗೆಯ ಮಳೆಯಲ್ಲ. ಹಾಗೆಯೇ ಹೌಸ್‌ಬೋಟ್ ಎಂಬುದು ಮನೆಯಂತಿರುವ ದೋಣಿ, ಬೋಟ್‌ಹೌಸ್ ಎಂಬುದು ದೋಣಿಗಳನ್ನಿಡುವ ಮನೆ. ವಸ್ತು ಯಾವುದೆಂದು ಹೇಳುವುದು ಬಲಗಡೆಯ ಪದ, ಎಂಥದ್ದೆಂದು ಹೇಳುವುದು ಎಡಗಡೆಯ ಪದ. ಈ ವಿಷಯದಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದಾರಿಯಲ್ಲಿ ನಡೆಯುತ್ತವೆ, ಹೀಗಾಗಿ ಕನ್ನಡದ ಕಿವಿಯನ್ನು ಧೈರ್ಯವಾಗಿ ನಂಬಬಹುದು.

ಎರಡನೆಯ ಕೆಲಸ ವಿಗ್ರಹವಾಕ್ಯ ಹೇಳುವುದು. ಕೋಕನಟ್ ಆಯಿಲ್ ತೆಂಗಿನಕಾಯಿಯಿಂದ ತೆಗೆದ ಎಣ್ಣೆ, ಹೇರ್ ಆಯಿಲ್ ಕೂದಲಿಗೆ ಹಚ್ಚುವ ಎಣ್ಣೆ, ಬೇಬಿ ಆಯಿಲ್ ಮಗುವಿನ ಮೈಗೆ ಸವರುವ ಎಣ್ಣೆ. ಇಂಗ್ಲಿಷು ಎರಡು ನಾಮಪದಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಸುಮ್ಮನಾಗುತ್ತದೆ. ಅವುಗಳ ನಡುವಿನ ಸಂಬಂಧವನ್ನು ಓದುವವನೇ ಊಹಿಸಿಕೊಳ್ಳಬೇಕು. ಕನ್ನಡದಲ್ಲಿ ಬಿಡಿಸಿ ಹೇಳುವಾಗ ಆ ಸಂಬಂಧ ‘ಇಂದ’, ‘ಗೆ’, ‘ಅಲ್ಲಿ’ ಎಂಬ ವಿಭಕ್ತಿ ಪ್ರತ್ಯಯಗಳಲ್ಲಿ ತಾನಾಗಿ ಹೊರಬೀಳುತ್ತದೆ. ಯಾವುದೇ ಹೊಸ ಸಮಾಸಪದ ಎದುರಾದಾಗ ಅದರ ವಿಗ್ರಹವಾಕ್ಯವನ್ನು ಕನ್ನಡದಲ್ಲಿ ಬರೆದು ನೋಡಿದರೆ, ಅರ್ಥವಾಗಿದೆಯೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಪದಗಳ ಸಾಲು ಉದ್ದವಾದರೂ ಉಪಾಯ ಇದೇ. ಮೈಸೂರಿನಲ್ಲಿ ನಾವು ದೊಡ್ಡ ಗಡಿಯಾರವೆಂದು ಕರೆಯುವ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರವನ್ನು ಇಂಗ್ಲಿಷಿನಲ್ಲಿ ಸಿಲ್ವರ್ ಜುಬಿಲಿ ಕ್ಲಾಕ್ ಟವರ್ ಎನ್ನುತ್ತಾರೆ. ಬಲಗಡೆಯಿಂದ ಬಿಡಿಸುತ್ತಾ ಬನ್ನಿ: ಟವರ್, ಅಂದರೆ ಗೋಪುರ. ಎಂಥ ಗೋಪುರ? ಕ್ಲಾಕ್ ಟವರ್, ಗಡಿಯಾರವಿರುವ ಗೋಪುರ. ಯಾವುದರ ನೆನಪಿನದು? ಸಿಲ್ವರ್ ಜುಬಿಲಿಯದು. ಇಲ್ಲಿ ‘ಸಿಲ್ವರ್’ ಎಂಬುದು ಜುಬಿಲಿಯ ಜೊತೆಗೆ ಮೊದಲೇ ಗಂಟು ಹಾಕಿಕೊಂಡಿದೆ, ಗೋಪುರಕ್ಕೂ ಬೆಳ್ಳಿಗೂ ನೇರವಾದ ನಂಟಿಲ್ಲ. ಬೆಳ್ಳಿಯ ಗೋಪುರವೆಂದು ತಿಳಿದರೆ ಗಂಟನ್ನು ತಪ್ಪು ಜಾಗದಲ್ಲಿ ಬಿಚ್ಚಿದಂತಾಯಿತು. ಮೈಸೂರಿನದೇ ಆದ ಸ್ಯಾಂಡಲ್‌ವುಡ್ ಆಯಿಲ್ ಫ್ಯಾಕ್ಟರಿ, ನಮ್ಮ ಮಾತಿನ ಗಂಧದೆಣ್ಣೆ ಕಾರ್ಖಾನೆ, ಇನ್ನೂ ಸಲೀಸು: ಗಂಧದ ಮರ, ಅದರ ಎಣ್ಣೆ, ಆ ಎಣ್ಣೆಯ ಕಾರ್ಖಾನೆ.

ಉತ್ತರಪದವನ್ನು ಹಿಡಿದರೂ ಅರ್ಥ ಕೈಗೆ ಸಿಗದ ಪದಗಳೂ ಇವೆ. ಪಿಕ್‌ಪಾಕೆಟ್ ಎಂಬುದು ಜೇಬಲ್ಲ, ಜೇಬಿಗೆ ಕೈಹಾಕುವವನು. ಸ್ಕೇರ್‌ಕ್ರೋ ಎಂಬುದರ ಕೊನೆಯಲ್ಲಿ ಕಾಗೆಯಿದೆ, ಆದರೆ ವಸ್ತು ಕಾಗೆಯಲ್ಲ. ನಮ್ಮ ‘ಬೆದರುಬೊಂಬೆ’ ತಾನು ಬೊಂಬೆಯೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ, ಇಂಗ್ಲಿಷಿನ ಪದ ಒಪ್ಪಿಕೊಳ್ಳುವುದಿಲ್ಲ. ಎರಡೂ ಪದಗಳ ಅರ್ಥವನ್ನು ಬಿಟ್ಟು ಮೂರನೆಯದೊಂದನ್ನು ಸೂಚಿಸುವ ಇಂಥವನ್ನು ಬಹುವ್ರೀಹಿ ಎಂದು ಕಲಿತಿದ್ದೇವೆ: ಹಣೆಗಣ್ಣ, ಮುಕ್ಕಣ್ಣ. ಇಂಗ್ಲಿಷಿನಲ್ಲಿ ಬರೆದ ಭಾಷಾವಿಜ್ಞಾನದ ಪುಸ್ತಕಗಳೂ ಬಹುವ್ರೀಹಿ, ದ್ವಂದ್ವ, ತತ್ಪುರುಷ ಎಂಬ ಸಂಸ್ಕೃತದ ಹೆಸರುಗಳನ್ನು ಹಾಗೆಯೇ ಬಳಸುತ್ತವೆ ಎಂದು ಹೇಳಿದಾಗ ಮಕ್ಕಳು ಮೊದಲು ನಂಬುವುದಿಲ್ಲ. ‘ಬಹುವ್ರೀಹಿ’ ಎಂಬ ಪದವೇ ಒಂದು ಬಹುವ್ರೀಹಿ ಎಂಬುದು ಇನ್ನೂ ಸೊಗಸು: ವ್ರೀಹಿ ಎಂದರೆ ಭತ್ತ, ಬಹಳ ಭತ್ತವನ್ನು ಉಳ್ಳವನು ಯಾರೋ ಅವನು ಬಹುವ್ರೀಹಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರಿನಲ್ಲಿ ಈ ಉದಾಹರಣೆಯನ್ನು ಯಾರೂ ಮರೆಯುವುದಿಲ್ಲ.

ದ್ವಂದ್ವದ ಬಗ್ಗೆ ಒಂದೇ ಎಚ್ಚರಿಕೆ ಸಾಕು. ‘ಅಪ್ಪಅಮ್ಮ’, ‘ಗಿಡಮರ’ ಎಂದು ನಾವು ಧಾರಾಳವಾಗಿ ಜೋಡಿಸುವಂತೆ ಇಂಗ್ಲಿಷು ಜೋಡಿಸುವುದಿಲ್ಲ. ಮದರ್-ಫಾದರ್ ಎಂದು ಬರೆಯದೆ ನಡುವೆ ‘ಆ್ಯಂಡ್’ ಹಾಕಬೇಕು, ಇಲ್ಲವೇ ಪೇರೆಂಟ್ಸ್ ಎನ್ನಬೇಕು.

ಇನ್ನು ಉಚ್ಚಾರಣೆ. ಕನ್ನಡದಲ್ಲಿ ಸಮಾಸವಾದದ್ದು ಕಿವಿಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಗಮನಿಸಿ: ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ. ಉತ್ತರಪದದ ಮೊದಲ ಅಕ್ಷರ ಮೆತ್ತಗಾಗಿ ಎರಡೂ ಒಂದಾದುದನ್ನು ಸಾರುತ್ತದೆ. ಆದೇಶ ಸಂಧಿಯೆಂಬ ಈ ಬದಲಾವಣೆ ಇಂಗ್ಲಿಷಿನಲ್ಲಿಲ್ಲ. ಅದರ ಕೆಲಸವನ್ನು ಬಹುಮಟ್ಟಿಗೆ ದನಿಯ ಒತ್ತು ಮಾಡುತ್ತದೆ. ತರಗತಿಯ ಗೋಡೆಯ ಮೇಲಿನ ಬ್ಲ್ಯಾಕ್‌ಬೋರ್ಡನ್ನು ಹೇಳುವಾಗ ಒತ್ತು ‘ಬ್ಲ್ಯಾಕ್’ ಮೇಲೆ ಬಿದ್ದು ‘ಬೋರ್ಡ್’ ತಗ್ಗುತ್ತದೆ. ಕಪ್ಪು ಬಣ್ಣದ ಯಾವುದೋ ಒಂದು ಹಲಗೆ ಎನ್ನಬೇಕಾದರೆ ಎರಡನ್ನೂ ಬಿಡಿಸಿ, ‘ಬೋರ್ಡ್’ ಮೇಲೆ ಒತ್ತು ಹಾಕಬೇಕು. ಅನೇಕ ಶಾಲೆಗಳ ಬ್ಲ್ಯಾಕ್‌ಬೋರ್ಡು ಹಸಿರು ಬಣ್ಣದ್ದು; ಅದನ್ನು ಬ್ಲ್ಯಾಕ್‌ಬೋರ್ಡೆಂದೇ ಕರೆಯುತ್ತೇವೆ, ಏಕೆಂದರೆ ಸಮಾಸವಾದ ಮೇಲೆ ಕಪ್ಪು ಬಣ್ಣವಲ್ಲ, ಹೆಸರಿನ ಒಂದು ತುಂಡು. ಗ್ರೀನ್‌ಹೌಸ್ ಮತ್ತು ಹಸಿರು ಬಣ್ಣ ಬಳಿದ ಮನೆಯ ನಡುವಿನ ವ್ಯತ್ಯಾಸವೂ ಇದೇ. ಕೆಲವು ಹಳೆಯ ಸಮಾಸಗಳಲ್ಲಿ ಉತ್ತರಪದ ಎಷ್ಟು ಸವೆದಿದೆಯೆಂದರೆ ಬರಹವನ್ನು ನೋಡಿ ಓದಿದರೆ ತಪ್ಪಾಗುತ್ತದೆ: ಬಟ್ಟಲುಗಳನ್ನು ಇಡುವ ಹಲಗೆಯಾಗಿದ್ದದ್ದು ಈಗ ‘ಕಬರ್ಡ್’ ಆಗಿದೆ, ಉಪವಾಸವನ್ನು ಮುರಿಯುವ ಊಟ ‘ಬ್ರೆಕ್‌ಫಸ್ಟ್’ ಆಗಿದೆ. ‘ಕಪ್‌ಬೋರ್ಡ್’, ‘ಬ್ರೇಕ್‌ಫಾಸ್ಟ್’ ಎಂದು ಅಕ್ಷರಕ್ಷರವನ್ನೂ ಬಿಡಿಸಿ ಹೇಳುವುದು ನಮ್ಮ ಕಡೆಯ ರೂಢಿ, ಅದು ಅರ್ಥಕ್ಕೆ ಅಡ್ಡಿಯೇನಲ್ಲ.

ನಿಜವಾದ ಕಷ್ಟವಿರುವುದು ಬರವಣಿಗೆಯಲ್ಲಿ. ಎರಡು ಪದಗಳನ್ನು ಸೇರಿಸಿ ಬರೆಯಬೇಕೋ, ನಡುವೆ ಹೈಫನ್ ಹಾಕಬೇಕೋ, ಜಾಗ ಬಿಡಬೇಕೋ ಎಂಬುದಕ್ಕೆ ಎಲ್ಲ ಕಡೆಗೂ ನಡೆಯುವ ಒಂದು ಸೂತ್ರವಿಲ್ಲ. ಬಳಸಿ ಬಳಸಿ ಹಳತಾದಂತೆ ಪದಗಳು ಹತ್ತಿರ ಬರುತ್ತವೆ ಎಂಬುದಷ್ಟೇ ಹೇಳಬಹುದಾದ ಮಾತು. ಇಂದು ನಾವು ಸೇರಿಸಿ ಬರೆಯುವ ಟುಡೇ, ಟುಮಾರೋ ಪದಗಳಿಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ಹೈಫನ್ ಹಾಕುತ್ತಿದ್ದರು. ಇಮೇಲ್‌ನ ಹೈಫನ್ನನ್ನು ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ಸಿನ ಬರಹದ ಕೈಪಿಡಿ ಕೈಬಿಟ್ಟದ್ದು 2011ರಲ್ಲಿ. 2007ರಲ್ಲಿ ಹೊರಬಂದ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೆಯ ಆವೃತ್ತಿಯಂತೂ ಸುಮಾರು 16,000 ಪದಗಳ ಹೈಫನ್ನನ್ನು ಒಮ್ಮೆಲೇ ಕಿತ್ತುಹಾಕಿತು. ಐಸ್ ಕ್ರೀಮ್ ಎರಡು ಬಿಡಿ ಪದಗಳಾಯಿತು, ಕಡಲೆಕಾಳಿನ ಚಿಕ್‌ಪೀ ಒಂದೇ ಪದವಾಯಿತು. ಆದ್ದರಿಂದ ಒಂದು ನಿಘಂಟನ್ನು ಆರಿಸಿಕೊಂಡು, ಅನುಮಾನ ಬಂದಾಗಲೆಲ್ಲ ಅದನ್ನೇ ನೋಡಿ, ಒಂದು ಬರಹದಲ್ಲಿ ಒಂದೇ ರೂಪವನ್ನು ಕೊನೆಯವರೆಗೂ ಉಳಿಸಿಕೊಳ್ಳುವುದು ಉತ್ತಮ. ಇಪ್ಪತ್ತೊಂದರಿಂದ ತೊಂಬತ್ತೊಂಬತ್ತರವರೆಗಿನ ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯುವಾಗ ಮಾತ್ರ ಹೈಫನ್ ಕಡ್ಡಾಯ. ಬ್ಯಾಂಕಿನ ಚೆಕ್ಕು ಬರೆಯುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಸೂತ್ರ ಗಟ್ಟಿಯಾಗಿ ನಿಲ್ಲುವ ಜಾಗವೂ ಒಂದಿದೆ: ಎರಡು ಮೂರು ಪದಗಳು ಸೇರಿ ಮುಂದಿನ ನಾಮಪದಕ್ಕೆ ವಿಶೇಷಣವಾದಾಗ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಊರಿನ ಹಬ್ಬಕ್ಕಾಗಿ ಬರೆದ ರಜೆ ಅರ್ಜಿಯಲ್ಲಿ ‘ಎ ಟೂ ಡೇಸ್ ಲೀವ್’ ಎಂದು ಬರೆದಿದ್ದೆ. ಮುಖ್ಯೋಪಾಧ್ಯಾಯರು ರಜೆಯನ್ನೇನೋ ಕೊಟ್ಟರು, ಆದರೆ ಆ ನಾಲ್ಕು ಪದಗಳ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿ, ‘ನಿಮ್ಮ ತಾಯಿಯವರ ಹತ್ತಿರ ಇದನ್ನು ಕನ್ನಡದಲ್ಲಿ ಹೇಗೆ ಕೇಳುತ್ತೀರಿ?’ ಎಂದು ಬದಿಯಲ್ಲಿ ಬರೆದು ಕಳಿಸಿದರು. ಉತ್ತರ ಆ ಪ್ರಶ್ನೆಯೊಳಗೇ ಇತ್ತು. ನಾವು ‘ಎರಡು ದಿನದ ರಜೆ’ ಎನ್ನುತ್ತೇವೆ. ಮಾತಿನಲ್ಲಿ ‘ಎರಡು ದಿನಗಳ ರಜೆ’ ಎನ್ನುವವರು ಕಡಿಮೆ. ಐದು ವರ್ಷದ ಹುಡುಗ, ಹತ್ತು ರೂಪಾಯಿಯ ನೋಟು, ಮೂರು ಅಂತಸ್ತಿನ ಮನೆ: ಎಲ್ಲೆಡೆಯೂ ಏಕವಚನ. ಇಂಗ್ಲಿಷಿನದೂ ಅದೇ ನಡೆ: ಎ ಟೂ-ಡೇ ಲೀವ್, ಎ ಫೈವ್-ಇಯರ್-ಓಲ್ಡ್ ಬಾಯ್, ಎ ಟೆನ್-ರುಪೀ ನೋಟ್. ನಡುವೆ ಹೈಫನ್, ಒಳಗೆ ಏಕವಚನ. ಅದೇ ಮಾತು ನಾಮಪದದ ನಂತರ ಬಂದಾಗ ಗಂಟು ಸಡಿಲವಾಗಿ ಬಹುವಚನ ಮರಳುತ್ತದೆ: ದಿ ಬಾಯ್ ಈಸ್ ಫೈವ್ ಇಯರ್ಸ್ ಓಲ್ಡ್. ‘ಎ’ ಇಲ್ಲದೆ ಟೂ ಡೇಸ್ ಲೀವ್ ಎಂದೇ ಬರೆಯುವ ಮನಸ್ಸಿದ್ದರೆ ಡೇಸ್ ಆದ ಮೇಲೆ ಒಂದು ಅಪಾಸ್ಟ್ರಫಿಯನ್ನು ಹಾಕಬೇಕು, ಹೈಫನ್ನನ್ನಲ್ಲ.

ಹೈಫನ್ ಮರೆತರೆ ಆಗುವ ಅನಾಹುತಕ್ಕೆ ಎಲ್ಲರೂ ಕೊಡುವ ಉದಾಹರಣೆಯೊಂದಿದೆ. ನರಭಕ್ಷಕ ಹುಲಿಯನ್ನು ಮ್ಯಾನ್-ಈಟಿಂಗ್ ಟೈಗರ್ ಎಂದು ಹೈಫನ್ ಸಹಿತ ಬರೆಯಬೇಕು. ಹೈಫನ್ ಬಿಟ್ಟರೆ ಮನುಷ್ಯನೊಬ್ಬ ಹುಲಿಯನ್ನು ತಿನ್ನುತ್ತಿದ್ದಾನೆ ಎಂದೂ ಓದಿಕೊಳ್ಳಬಹುದು.

ಕ್ರಿಯಾಪದಗಳಲ್ಲಿ ಇನ್ನೊಂದು ಗೊಂದಲವಿದೆ. ಬಸ್ಸು ಮದ್ದೂರಿನ ಹತ್ತಿರ ಕೆಟ್ಟು ನಿಂತಿತು ಎನ್ನುವಾಗ ಬ್ರೋಕ್ ಡೌನ್ ಎಂದು ಬಿಡಿಸಿ ಬರೆಯಬೇಕು. ಆ ಘಟನೆಗೆ ಹೆಸರಾಗಿ ಬ್ರೇಕ್‌ಡೌನ್ ಎಂದು ಸೇರಿಸಿ ಬರೆಯಬೇಕು. ಲಾಗ್ ಇನ್ ಮತ್ತು ಲಾಗಿನ್, ಸೆಟ್ ಅಪ್ ಮತ್ತು ಸೆಟಪ್ ಜೋಡಿಗಳೂ ಹಾಗೆಯೇ. ಪದವನ್ನು ಭೂತಕಾಲಕ್ಕೆ ತಿರುಗಿಸಲು ಆಗುವುದಾದರೆ ಅದು ಕ್ರಿಯಾಪದ, ಬಿಡಿಸಿ ಬರೆಯಿರಿ. ಎವ್ರಿಡೇ ಎಂದು ಸೇರಿಸಿದರೆ ‘ದಿನನಿತ್ಯದ’ ಎಂಬ ವಿಶೇಷಣ, ಬಿಡಿಸಿದರೆ ‘ಪ್ರತಿದಿನ’. ಅಂಗಡಿಯ ಬೋರ್ಡುಗಳಲ್ಲಿ ಇದು ತಪ್ಪಿರುವುದೇ ಹೆಚ್ಚು.

ಹೆದ್ದಾರಿಯಲ್ಲಿ ದಿನವೂ ಬೋರ್ಡುಗಳನ್ನು ನೋಡುವವರು ಕೇಳುವ ಪ್ರಶ್ನೆಯೊಂದಿದೆ: 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯನ್ನು ಜನ ಮೈಶುಗರ್ ಎನ್ನುತ್ತಾರಲ್ಲ, ಅದೂ ಸಮಾಸವೇ? ಅಲ್ಲ. ಅದರಲ್ಲಿ ಮೊದಲ ಪದದ ಬಾಲವನ್ನು ಕತ್ತರಿಸಿ ಎರಡನೆಯದಕ್ಕೆ ಬೆಸೆದಿದ್ದಾರೆ, ಬ್ರೆಕ್‌ಫಸ್ಟನ್ನೂ ಲಂಚನ್ನೂ ಬೆಸೆದು ಬ್ರಂಚ್ ಮಾಡಿದ ಹಾಗೆ. ಸಮಾಸದಲ್ಲಿ ಎರಡೂ ಪದಗಳು ಇಡಿಯಾಗಿ ಉಳಿಯುತ್ತವೆ.

ಕೊನೆಗೆ ಬಹುವಚನ ಮತ್ತು ಬಂಧುಗಳು. ಸಾಮಾನ್ಯವಾಗಿ ಬಹುವಚನದ ಪ್ರತ್ಯಯ ಉತ್ತರಪದಕ್ಕೆ ಸೇರುತ್ತದೆ, ಪೂರ್ವಪದ ಏಕವಚನದಲ್ಲೇ ಉಳಿಯುತ್ತದೆ: ಬಾಯಲ್ಲಿ ಎಷ್ಟು ಹಲ್ಲಿದ್ದರೂ ಅದು ಟೂತ್‌ಬ್ರಷ್. ಆದರೆ ಮದರ್-ಇನ್-ಲಾ, ಪಾಸರ್-ಬೈ, ರನ್ನರ್-ಅಪ್ ಪದಗಳಲ್ಲಿ ಮುಖ್ಯ ಪದ ಎಡಗಡೆಯಲ್ಲಿದೆ, ಆದ್ದರಿಂದ ಬಹುವಚನವೂ ಅಲ್ಲಿಗೇ ಹೋಗಿ ಮದರ್ಸ್-ಇನ್-ಲಾ, ಪಾಸರ್ಸ್-ಬೈ, ರನ್ನರ್ಸ್-ಅಪ್ ಆಗುತ್ತದೆ. ಅತ್ತೆಯ ಮನೆ ಎನ್ನುವಾಗ ಮಾತ್ರ ಅಪಾಸ್ಟ್ರಫಿ ಇಡೀ ಸಮಾಸದ ಕೊನೆಗೆ ಬರುತ್ತದೆ.

ಅತ್ತಿಗೆ, ನಾದಿನಿ ಇಬ್ಬರನ್ನೂ ಇಂಗ್ಲಿಷು ಸಿಸ್ಟರ್-ಇನ್-ಲಾ ಎಂಬ ಒಂದೇ ಸಮಾಸಕ್ಕೆ ತುರುಕುತ್ತದೆ. ಹೆಂಡತಿಯ ಅಕ್ಕನ ಅಥವಾ ತಂಗಿಯ ಗಂಡನಾದ ಷಡ್ಡಕನಿಗೆ ಅಲ್ಲಿ ಪ್ರತ್ಯೇಕವಾದ ಪದವೇ ಇಲ್ಲ. ಆ ಕೊರತೆಯನ್ನು ತುಂಬಲು ನಮ್ಮ ಕಡೆಯವರು ಕೋ-ಬ್ರದರ್ ಎಂಬುದನ್ನೂ, ಓರಗಿತ್ತಿಗೆ ಕೋ-ಸಿಸ್ಟರ್ ಎಂಬುದನ್ನೂ ಕಟ್ಟಿಕೊಂಡಿದ್ದಾರೆ. ಕಟ್ಟಿದ ರೀತಿ ಸಮಾಸದ ನಿಯಮಕ್ಕೆ ಒಪ್ಪುವಂತೆಯೇ ಇದೆ, ಆದರೆ ದಕ್ಷಿಣ ಭಾರತದ ಆಚೆ ಅದು ಯಾರಿಗೂ ಸುಲಭವಾಗಿ ತಿಳಿಯುವುದಿಲ್ಲ. ವೀಸಾ ಅರ್ಜಿಯಲ್ಲಿ ಮೈ ವೈಫ್ಸ್ ಸಿಸ್ಟರ್ಸ್ ಹಸ್ಬೆಂಡ್ ಎಂದು ವಿಗ್ರಹವಾಕ್ಯವನ್ನೇ ಬರೆಯಿರಿ. ಮದುವೆ ಮನೆಯಲ್ಲಿ ಪರಿಚಯಿಸುವಾಗ ಕೋ-ಬ್ರದರ್ ಎಂದರೆ ಸಾಕು.