ಹುಣಸೆ ಬೀಜದ ಲೆಕ್ಕ

ವಾಘೋಲಿಯ ಆಚೆ ಆಗ ಏಳುತ್ತಿದ್ದ ಒಂದು ಗೃಹಸಂಕೀರ್ಣದ ಹಿಂದೆ ತಗಡಿನ ಶೆಡ್ಡುಗಳ ನಾಲ್ಕು ಸಾಲುಗಳಿದ್ದವು. ಪುಣೆಯ ಸುತ್ತ ದೊಡ್ಡ ಕಟ್ಟಡ ಏಳುವಲ್ಲಿ ಇಂಥ ಸಾಲುಗಳು ಇದ್ದೇ ಇರುತ್ತವೆ. ಸಂಜೆ ಒಲೆ ಹೊತ್ತಿಸುವ ವೇಳೆಗೆ ಹೋಗಿ ನಿಂತರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ತಾಂಡಾದವರಿದ್ದರೆ ಲಂಬಾಣಿ ಮಾತೂ ಕೇಳುತ್ತದೆ. ನಾನು ಇಂಡಿ ತಾಲ್ಲೂಕಿನವಳು, ಮದುವೆಯಾಗಿ ಪುಣೆಗೆ ಬಂದವಳು. ಗುಳೆ ಬಂದವರ ನಡುವೆ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಗೆ ಕನ್ನಡ ಬಲ್ಲವರು ಬೇಕಾಗಿದ್ದರು. 2018ರಲ್ಲಿ ನಾನು ಆ ಶೆಡ್ಡುಗಳಿಗೆ ಹೋದದ್ದು ಹಾಗೆ.

ಮೊದಲ ದಿನ ನನ್ನ ಕೈಯಲ್ಲಿದ್ದದ್ದು ಒಂದು ಕರಪತ್ರ. ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ಪ್ರಕಾರ, 18 ತುಂಬಿದ, 60 ಆಗದವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದಿತ್ತು. ಮಂಡಳಿಯ ಹಣ ಕಟ್ಟಡದ ವೆಚ್ಚದ ಮೇಲೆ ಹಾಕುವ ಶೇಕಡಾ 1ರ ಸೆಸ್‌ನಿಂದ ಬರುವಂಥದ್ದು. ಮರಾಠಿಯಲ್ಲಿದ್ದ ಆ ಕಾಗದವನ್ನು ನಾನೇ ಕನ್ನಡಕ್ಕೆ ತಂದಿದ್ದೆ. ‘ಫಲಾನುಭವಿಗಳ ನೋಂದಣಿ’, ‘ಶಿಶುಪಾಲನಾ ಕೊಠಡಿ’ ಎಂದೆಲ್ಲ ಬರೆದಿದ್ದೆ. ಏಳನೆಯ ಇಯತ್ತೆ ಓದಿದ ಹುಡುಗನೊಬ್ಬ ಅದನ್ನು ಗಟ್ಟಿಯಾಗಿ ಓದಿದ. ಎಲ್ಲರೂ ಮರ್ಯಾದೆಗೆ ತಲೆಯಾಡಿಸಿದರು. ನೋಂದಣಿಗೆ ಅವರು ಅನ್ನುವುದು ‘ಕಾರ್ಡು ಮಾಡಿಸುವುದು’. ಆ ಕಾರ್ಡಿನ ಕತೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. 90 ದಿನದ ಚೀಟಿಗೆ ಯಾರ ಸಹಿ ಬೇಕು, ಸಹಿ ಹಾಕುವವನು ಏಕೆ ಹಿಂದೆಗೆಯುತ್ತಾನೆ, ನಡುವೆ ನಿಂತವನು ಎಷ್ಟು ಕೇಳುತ್ತಾನೆ, ಎಲ್ಲವನ್ನೂ ಅವರೇ ನನಗೆ ಬಿಡಿಸಿ ಹೇಳಿದರು. ತಿಳಿವಳಿಕೆಯ ಕೊರತೆ ಎಂದು ನಾವು ಕಚೇರಿಯಲ್ಲಿ ಬರೆದುಕೊಂಡಿದ್ದ ಕೊರತೆ ಅಲ್ಲಿ ಇರಲೇ ಇಲ್ಲ.

ಕರಪತ್ರ ಚೀಲಕ್ಕೆ ಸೇರಿತು. ಮುಂದಿನ ವಾರ ಎರಡು ಪಾಕೀಟು ರಂಗೋಲಿ ಪುಡಿ ಕೊಂಡೊಯ್ದೆ.

ಸಮಯದ ಮಾತು ಇಲ್ಲಿ ಹೇಳಬೇಕು. ಹೆಂಗಸರು ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿ ಎಂಟಕ್ಕೆ ಕೆಲಸಕ್ಕೆ ನಿಲ್ಲುತ್ತಿದ್ದರು. ಸಂಜೆ ಬಂದ ಮೇಲೆ ಮತ್ತೆ ನೀರು, ಒಲೆ. ಅವರು ನೆಲಕ್ಕೆ ಕುಳಿತು ಮಾತನಾಡಬಹುದಾದ ಹೊತ್ತು ವಾರದ ರಜೆಯ ದಿನ ಸಂತೆ ಮುಗಿಸಿ ಬಂದ ನಂತರದ ಒಂದೂವರೆ ತಾಸು ಮಾತ್ರ. ನಮ್ಮ ಸಂಸ್ಥೆಯ ಸಭೆಗಳು ಅಲ್ಲಿಯವರೆಗೆ ನಮ್ಮ ಅನುಕೂಲದ ಹೊತ್ತಿಗೆ ನಡೆಯುತ್ತಿದ್ದವು. ಬರುತ್ತಿದ್ದವರು ಬಿಡುವಿದ್ದ ಗಂಡಸರು.

ಎರಡು ಸಾಲುಗಳ ನಡುವಿನ ನೆಲಕ್ಕೆ ನೀರು ಚಿಮುಕಿಸಿ, ನೀವಿರುವ ಜಾಗವನ್ನು ಬರೆದು ತೋರಿಸಿ ಎಂದೆ. ರಂಗೋಲಿ ಹಿಡಿದ ಕೈಗೆ ಅಕ್ಷರ ಬೇಕಿಲ್ಲ. ಗೇಟು ಬಂತು, ಟ್ಯಾಂಕರ್ ನಿಲ್ಲುವ ಜಾಗ ಬಂತು, ಮರಳಿನ ರಾಶಿ, ಕಬ್ಬಿಣ ಕತ್ತರಿಸುವ ಜಾಗ, ಏಳುತ್ತಿದ್ದ ಮೂರು ಕಟ್ಟಡಗಳು. ಗಂಡಸರು ಪಕ್ಕದಲ್ಲಿ ಬರೆದ ನಕ್ಷೆಯಲ್ಲಿ ಗೇಟಿನಿಂದ ಹೊರಗೆ ಹೋಗುವ ರಸ್ತೆ ಉದ್ದವಾಗಿತ್ತು: ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಮಜೂರ ಅಡ್ಡಾ, ಕಿರಾಣಿ ಅಂಗಡಿ, ಊರಿನ ಬಸ್ಸು ಸಿಗುವ ಜಾಗ. ಹೆಂಗಸರ ನಕ್ಷೆ ಗೇಟಿಗೆ ಮುಗಿಯುತ್ತಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: ನೀವು ಬುಟ್ಟಿ ಹೊರುವಾಗ ಮಕ್ಕಳು ಎಲ್ಲಿರುತ್ತಾರೆ? ಇಟ್ಟಿಗೆಯ ಚೂರು ಇಡಿ, ಒಂದು ಕೂಸಿಗೆ ಒಂದು ಚೂರು. ಒಬ್ಬಳು ಶೆಡ್ಡಿನೊಳಗೆ ಇಟ್ಟಳು. ಇನ್ನೊಬ್ಬಳು ಮರಳಿನ ರಾಶಿಯ ಮೇಲೆ ಇಟ್ಟಳು. ಒಬ್ಬ ಎಳೆಯ ತಾಯಿ ಚೂರನ್ನು ಮೂರು ಕಡೆ ಇಟ್ಟು ಮೂರು ಸಲ ತೆಗೆದಳು. ಕೊನೆಗೆ ಅದನ್ನು ಅಂಗೈಯಲ್ಲೇ ಹಿಡಿದುಕೊಂಡು, “ಮುಂಜಾನೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ. ಎಲ್ಲಿ ಇಡಲಿ ಅಕ್ಕಾ?” ಎಂದಳು. ಎಲ್ಲ ಇಟ್ಟು ಮುಗಿದಾಗ 19 ಚೂರುಗಳಿದ್ದವು. ಅವುಗಳಲ್ಲಿ 11 ಎರಡನೆಯ ಕಟ್ಟಡದ ಮೆಟ್ಟಿಲಿನ ಬುಡದಲ್ಲಿ ಗುಂಪಾಗಿದ್ದವು, ಏಕೆಂದರೆ ಮಧ್ಯಾಹ್ನ ಅಲ್ಲಿ ನೆರಳು. ಆ ಮೆಟ್ಟಿಲಿಗೆ ಇನ್ನೂ ಕಟಕಟೆ ಕಟ್ಟಿರಲಿಲ್ಲ. ಇದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿದ್ದ ಸಂಗತಿ. ಆದರೆ ಪ್ರತಿಯೊಬ್ಬಳೂ ತನ್ನ ಕೂಸಿನ ಮಟ್ಟಿಗೆ ಮಾತ್ರ ತಿಳಿದಿದ್ದಳು. 11 ಚೂರುಗಳನ್ನು ಒಟ್ಟಿಗೆ ಕಂಡದ್ದು ಅದೇ ಮೊದಲು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಅಂದಿನಿಂದ ಅವರ ಬೇಡಿಕೆ ಕಾರ್ಡಿನದಾಗಿರಲಿಲ್ಲ, ‘ಕೂಸುಗಳ ಖೋಲಿ’ಯದಾಗಿತ್ತು.

ಇಲ್ಲಿಯವರೆಗೆ ಸರಿಯಾಗಿ ನಡೆಯಿತು. ತಪ್ಪು ಮಾಡಿದ್ದು ಇದರ ನಂತರ.

ನಾನು ಮೊಬೈಲ್‌ನಲ್ಲಿ ಅವರ ಮಾತುಗಳನ್ನು ಧ್ವನಿಮುದ್ರಿಸಲು ತೊಡಗಿದೆ. ಕೇಳಿಯೇ ಮುದ್ರಿಸಿದೆ, ಹೂಂ ಎಂದೇ ಹೇಳಿದರು. ಒಬ್ಬ ಬಾಣಂತಿ, ಕೂಸಿಗೆ ಹಾಲು ಕುಡಿಸಲು ಹೋಗಿ ಬಂದರೆ ಕೂಲಿಯವರನ್ನು ಕರೆತಂದು ಕೆಲಸ ಮಾಡಿಸುವ ಮುಕಾದಮ ಅರ್ಧ ಹಾಜರಿ ಮುರಿಯುತ್ತಾನೆ ಎಂದು ಹೇಳಿದಳು. ಎಷ್ಟು ನೇರವಾದ ಮಾತು! ಕಟ್ಟಡದ ಕಚೇರಿಯಲ್ಲಿ ಎಂಜಿನಿಯರರ ಮುಂದೆ ಖೋಲಿಯ ವಿಷಯ ಎತ್ತಿದಾಗ ನಾನು ಅದನ್ನು ಕೇಳಿಸಿದೆ. ಹೆಸರು ಹೇಳಲಿಲ್ಲ. ಅದು ಸಾಕು ಎಂದುಕೊಂಡಿದ್ದೆ. ಮುಕಾದಮನೂ ಅಲ್ಲಿಯೇ ನಿಂತಿದ್ದ. ದಿನವೂ ಹಾಜರಿ ಕೂಗುವವನಿಗೆ ಧ್ವನಿಯ ಗುರುತು ಹತ್ತಲು ಎರಡು ವಾಕ್ಯ ಬೇಕಾಗಲಿಲ್ಲ. ನಾಲ್ಕು ದಿನಗಳಲ್ಲಿ ಗಂಡ ಹೆಂಡತಿಯ ಲೆಕ್ಕ ಮುಗಿಸಿ ಕಳಿಸಿದ್ದರು. ನಾನು ಹೋದಾಗ ಅವರ ಶೆಡ್ಡಿನಲ್ಲಿ ಬೇರೆಯವರಿದ್ದರು. ಜೋಳಿಗೆ ಕಟ್ಟಿದ ಹಗ್ಗ ಮಾತ್ರ ತಗಡಿನ ಅಡ್ಡ ಕಂಬಿಯಲ್ಲಿ ಹಾಗೇ ಇತ್ತು.

ಮೂರು ವಾರ ಹುಡುಕಿದೆ. ಹಿಂಜವಡಿಯ ಕಡೆ ಇನ್ನೊಂದು ಕಟ್ಟಡದಲ್ಲಿ ಸಿಕ್ಕರು. ಅವಳು ಬೈಯಲಿಲ್ಲ. ಚಹಾ ಕೊಟ್ಟಳು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ: “ಅಕ್ಕಾ, ನಾನು ಅದನ್ನು ನಿಮಗೆ ಹೇಳಿದ್ದೆ, ಅವನಿಗೆ ಹೇಳಿರಲಿಲ್ಲ. ಅವನಿಗೆ ಹೇಳುವುದಾಗಿದ್ದರೆ ಬೇರೆ ರೀತಿ ಹೇಳುತ್ತಿದ್ದೆ.”

ಈ ಕೆಲಸದವರು ಓದುವ ಉದಾಹರಣೆಗಳಲ್ಲಿ ಕೆನಡಾದ ಫೋಗೋ ದ್ವೀಪದ್ದೊಂದಿದೆ. 1967ರಲ್ಲಿ, ಸರ್ಕಾರ ಆ ದ್ವೀಪದ ಮೀನುಗಾರರನ್ನು ಬೇರೆಡೆ ಸಾಗಿಸುವ ಆಲೋಚನೆಯಲ್ಲಿದ್ದಾಗ, ಸಾಕ್ಷ್ಯಚಿತ್ರ ನಿರ್ದೇಶಕ ಕಾಲಿನ್ ಲೋ ಮತ್ತು ಸಂಗಡಿಗರು ಅಲ್ಲಿನವರ ಮಾತುಗಳನ್ನು ಚಿತ್ರೀಕರಿಸಿದರು. ಆ ಚಿತ್ರಗಳನ್ನು ಮೊದಲು ನೋಡಿದವರು ದ್ವೀಪದವರೇ. ತಮ್ಮ ಮಾತಿನಲ್ಲಿ ಯಾವುದು ಉಳಿಯಬೇಕು, ಯಾವುದನ್ನು ತೆಗೆಯಬೇಕು ಎಂದು ಅವರು ಹೇಳಿದ ಮೇಲೆಯೇ ಅವು ಅಧಿಕಾರಿಗಳ ಮುಂದೆ ಹೋದವು. ನಾನು ಇದನ್ನು ಓದಿದ್ದೆ. ಜನ ಕ್ಯಾಮೆರಾದ ಮುಂದೆ ಮಾತನಾಡಿದರು ಎಂಬುದನ್ನು ನೆನಪಿಟ್ಟುಕೊಂಡೆ. ಮಾತು ಎಲ್ಲಿಗೆ ಹೋಗಬೇಕೆಂಬುದನ್ನು ಅವರೇ ನಿರ್ಧರಿಸಿದರು ಎಂಬ ಮುಖ್ಯ ಸಂಗತಿಯನ್ನು ಮರೆತೆ. ಧ್ವನಿಮುದ್ರಿಸಲು ಹೂಂ ಎಂದದ್ದನ್ನು ಎಲ್ಲಿ ಬೇಕಾದರೂ ಕೇಳಿಸಲು ಹೂಂ ಎಂದಂತೆ ತೆಗೆದುಕೊಂಡೆ. ಆ ತಪ್ಪಿನ ಬೆಲೆ ತೆತ್ತವರು ನಾನಲ್ಲ.

ವಾಘೋಲಿಯ ಶೆಡ್ಡುಗಳಿಗೆ ಮರಳಿ ಹೋಗಿ ನಡೆದದ್ದನ್ನು ಎಲ್ಲರೆದುರು ಹೇಳಿದೆ. ಒಬ್ಬ ಹಿರಿಯ ಗೌಂಡಿ ತನ್ನ ಬಾಲ್ಯದ ಸಂಗತಿ ತೆಗೆದ. 1975ರ ಆಗಸ್ಟ್‌ನಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಮುಟ್ಟಿಸಿದ ‘ಸೈಟ್’ ಪ್ರಯೋಗ ನಡೆಯಿತಲ್ಲ, ಕರ್ನಾಟಕದಲ್ಲಿ ಅದು ಬಂದದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ. ಅವನ ಊರಿನ ಶಾಲೆಗೂ ಒಂದು ಪೆಟ್ಟಿಗೆ ಬಂದಿತ್ತಂತೆ. ಬೇಸಾಯ, ಆರೋಗ್ಯ ಎಲ್ಲ ತೋರಿಸುತ್ತಿದ್ದರು, ಊರೆಲ್ಲ ಕುಳಿತು ನೋಡುತ್ತಿದ್ದೆವು ಎಂದ. ಪ್ರಯೋಗ ಒಂದೇ ವರ್ಷದ್ದು. “ಬರುವಾಗ ಕೇಳಿ ಬರಲಿಲ್ಲ, ಹೋಗುವಾಗ ಹೇಳಿ ಹೋಗಲಿಲ್ಲ” ಎಂದು ಮುಗಿಸಿದ. ಅದನ್ನು ನನ್ನ ಕಡೆ ನೋಡಿಯೇ ಹೇಳಿದ.

ಅಂದಿನಿಂದ ಕ್ರಮ ಬದಲಾಯಿತು. ಧ್ವನಿಮುದ್ರಿಸಿದ್ದನ್ನು ಮೊದಲು ಹೇಳಿದವಳೇ ಕೇಳುತ್ತಾಳೆ. ಆಮೇಲೆ, ಅವಳು ಒಪ್ಪಿದರೆ, ಸಾಲಿನ ಹೆಂಗಸರು. ಕೇಳಿ ಮುಗಿದ ಮೇಲೆ ಪ್ರಶ್ನೆ: ಇದು ಎಲ್ಲಿಯವರೆಗೆ ಹೋಗಬಹುದು? ನಮ್ಮಲ್ಲೇ ಇರಲಿ, ಬೇರೆ ಶೆಡ್ಡುಗಳಿಗೆ ಹೋಗಲಿ, ಕಚೇರಿಗೆ ಹೋಗಲಿ, ಅಳಿಸಿಬಿಡಿ. ಅಳಿಸು ಎಂದರೆ ಅವಳ ಕೈಗೇ ಮೊಬೈಲ್ ಕೊಟ್ಟು ಅಳಿಸುವುದು. ಮೊದಲ ತಿಂಗಳು ಬಹುಪಾಲು ಅಳಿಸಿಯೇ ಹೋಯಿತು. ಸಂಸ್ಥೆಯಲ್ಲಿ ಇದಕ್ಕೆ ಆಕ್ಷೇಪ ಬಂತು, ವರದಿಗೆ ಏನು ಕೊಡುವುದು ಎಂದು. ಅಳಿಸಿದ್ದನ್ನೇ ವರದಿಯಲ್ಲಿ ಬರೆದೆ: ಇಷ್ಟು ಜನ ಹೇಳಿದರು, ಇಷ್ಟು ಜನ ಹಿಂದಕ್ಕೆ ತೆಗೆದುಕೊಂಡರು. ಹೆದರಿಕೆ ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ.

ಇನ್ನೊಂದು ಅಭ್ಯಾಸವನ್ನು ಪುಣೆಯ ಹಳೆಯ ಪ್ರಯೋಗದಿಂದಲೇ ತೆಗೆದುಕೊಂಡೆವು. 1956ರಲ್ಲಿ ಆಕಾಶವಾಣಿ, ಯುನೆಸ್ಕೋ ನೆರವಿನಿಂದ, ಪುಣೆ ಕೇಂದ್ರದ ಮೂಲಕ ಸುತ್ತಲಿನ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೊ ಗ್ರಾಮ ವೇದಿಕೆಗಳನ್ನು ನಡೆಸಿತ್ತು. ಜನ ಗುಂಪಾಗಿ ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳಿಸುತ್ತಿದ್ದರು. ಉತ್ತರ ರೇಡಿಯೊದಲ್ಲಿ ಬರುತ್ತಿತ್ತು. ನಮ್ಮಲ್ಲಿ ರೇಡಿಯೊ ಇರಲಿಲ್ಲ, ಒಂದು ನೋಟ್‌ಬುಕ್ ಇತ್ತು. ಒಂದು ವಾರ ಬರೆದುಕೊಂಡ ಪ್ರಶ್ನೆಗೆ ಮುಂದಿನ ವಾರ ಉತ್ತರ ಹೇಳಲೇಬೇಕು. ‘ಹೋಗಿದ್ದೆ, ಸಾಹೇಬರು ಸಿಗಲಿಲ್ಲ’ ಎಂಬುದೂ ಉತ್ತರವೇ. ಸುಮ್ಮನಿರುವಂತಿಲ್ಲ.

ಆ ನೋಟ್‌ಬುಕ್ಕಿನ ಒಂದು ಪ್ರಶ್ನೆಯಿಂದ ಖೋಲಿಯ ದಾರಿ ತೆರೆಯಿತು. ಖೋಲಿ ಕೊಡಬೇಕೆಂದು ಎಲ್ಲಿಯಾದರೂ ಬರೆದಿದೆಯೇ ಎಂದು ಕೇಳಿದ್ದರು. ಅದೇ 1996ರ ಕಾಯ್ದೆಯ 35ನೆಯ ಕಲಂ: 50ಕ್ಕಿಂತ ಹೆಚ್ಚು ಹೆಂಗಸರು ಸಾಮಾನ್ಯವಾಗಿ ಕೆಲಸ ಮಾಡುವ ಜಾಗದಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ತಕ್ಕ ಕೊಠಡಿ ಇರಬೇಕು. ಆದರೆ ಅಲ್ಲಿ ನಾಲ್ವರು ಮುಕಾದಮರಿದ್ದರು. ಒಬ್ಬೊಬ್ಬನ ಹಾಜರಿ ಪುಸ್ತಕ ಬೇರೆ, ಯಾರ ಪುಸ್ತಕದಲ್ಲಿಯೂ 20 ಹೆಂಗಸರ ಮೇಲಿಲ್ಲ. ಕಾಯ್ದೆ ಹೇಳುವುದು ಜಾಗದ ಲೆಕ್ಕ ಎಂದು ನಾನು ವಿವರಿಸಿದೆ. ಹಾಗಾದರೆ ನಾವೇ ಎಣಿಸುತ್ತೇವೆ ಎಂದರು. ಹೇಗೆ ಎಣಿಸುವುದೆಂದು ನಾನು ಹೇಳಿಕೊಡಲಿಲ್ಲ.

ಸಾರಿಗೆ ಹುಣಸೆಹಣ್ಣು ಕಿವುಚಿದಾಗ ಉಳಿಯುವ ಬೀಜಗಳನ್ನು ಒಣಗಿಸಿದರು. ಪ್ರತಿ ಸಾಲಿಗೆ ಒಂದು ಹಳೆಯ ಎಣ್ಣೆ ಡಬ್ಬಿ. ಕೆಲಸಕ್ಕೆ ಹೊರಡುವಾಗ ಪ್ರತಿಯೊಬ್ಬಳೂ ತನ್ನ ಸಾಲಿನ ಡಬ್ಬಿಗೆ ಒಂದು ಬೀಜ ಹಾಕಬೇಕು. ರಾತ್ರಿ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕಕ್ಕೆ ಹುಡುಗ ಸಂಖ್ಯೆ ಬರೆಯುತ್ತಿದ್ದ. 58, 61, 57, ಅಮಾವಾಸ್ಯೆಯಂದು 44, ಮತ್ತೆ 60. ಒಂದು ತಿಂಗಳು ಬಿಡದೆ ನಡೆಯಿತು. ಹೆಸರಿಲ್ಲ, ಧ್ವನಿಯಿಲ್ಲ. ಯಾರ ಬೀಜ ಯಾವುದೆಂದು ಯಾವ ಮುಕಾದಮನೂ ಹೇಳಲಾರ.

ಕಚೇರಿಗೆ ಈ ಸಲ ಹೋದವರು ಅವರೇ, 23 ಹೆಂಗಸರು. ನಾನು ಹೊರಗೆ ನಿಂತಿದ್ದೆ. ನಾನು ಹೊರಗಿರಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಕ್ಯಾಲೆಂಡರನ್ನು ಮೇಜಿನ ಮೇಲೆ ಹಾಸಿ, ಸೋಬಾನೆಯ ಧಾಟಿಯಲ್ಲಿ ತಾವೇ ಕಟ್ಟಿದ್ದ ನಾಲ್ಕು ನುಡಿಗಳನ್ನು ಎಲ್ಲರೂ ಒಂದೇ ಕೊರಳಿನಲ್ಲಿ ಹಾಡಿದರು. ಎಂಜಿನಿಯರನಿಗೆ ಕನ್ನಡ ಬರುತ್ತಿರಲಿಲ್ಲ. ಹುಡುಗ ಮರಾಠಿಯಲ್ಲಿ ಅರ್ಥ ಹೇಳಿದ. ಅರ್ಧ ಹಾಜರಿಯ ಮಾತು ಹಾಡಿನಲ್ಲಿ ಇತ್ತು. ಹೇಳಿದವಳು ಯಾರೆಂದು ಹುಡುಕಲು ಹೋದರೆ 23 ಬಾಯಿಗಳು.

ಖೋಲಿ ಬರಲು ಮತ್ತೆ ಆರು ವಾರ ಹಿಡಿಯಿತು. ತಗಡಿನದೇ, ಆದರೆ ಫ್ಯಾನ್ ಇತ್ತು, ನೆಲಕ್ಕೆ ಸಿಮೆಂಟ್ ಹಾಕಿದ್ದರು, ಬಾಗಿಲು ಮೆಟ್ಟಿಲಿನಿಂದ ದೂರಕ್ಕೆ ಮುಖ ಮಾಡಿತ್ತು. ಬಾಗಿಲು ಎತ್ತ ಇರಬೇಕೆಂದು ಹೇಳಿದವರು ಹೆಂಗಸರು. ನೋಡಿಕೊಳ್ಳುವ ಅಜ್ಜಿಗೆ ಸಂಬಳ ಕೊಡಿಸುವ ಜಗಳ ಮಾತ್ರ ಕೊನೆಯವರೆಗೂ ಪೂರ್ತಿ ಇತ್ಯರ್ಥವಾಗಲಿಲ್ಲ. ಮರುವರ್ಷ ಕಟ್ಟಡ ಮುಗಿಯಿತು, ಶೆಡ್ಡುಗಳನ್ನು ಬಿಚ್ಚಿದರು, ಖೋಲಿಯನ್ನೂ ಬಿಚ್ಚಿದರು, ಜನ ನಾಲ್ಕು ದಿಕ್ಕಿಗೆ ಹೋದರು. ಗುಳೆಯ ಬದುಕಿನಲ್ಲಿ ಕಟ್ಟಿದ್ದೆಲ್ಲ ಹೀಗೇ ಚದುರುತ್ತದೆ. ನನಗೆ ಆಗ ಬಹಳ ಸಂಕಟವಾಗಿತ್ತು.

ಒಂದು ಆಷಾಢದ ರಾತ್ರಿ ನನ್ನ ಮೊಬೈಲ್‌ಗೆ ಕರೆ ಬಂತು. ಇಟ್ಟಿಗೆ ಚೂರನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ ಆ ಎಳೆಯ ತಾಯಿ, ಈಗ ಬಾಣೇರ್ ಕಡೆಯ ಒಂದು ಕಟ್ಟಡದಲ್ಲಿದ್ದಳು. ಅಲ್ಲಿಯೂ ಡಬ್ಬಿ ಇಟ್ಟಿದ್ದಾರೆ. “47 ಆಗಿವೆ ಅಕ್ಕಾ. 51 ಆಗಬೇಕು. ಪಂಚಮಿ ಮುಗಿಸಿ ಊರಿನಿಂದ ಇನ್ನೂ ಏಳೆಂಟು ಜನ ಬರುತ್ತಾರೆ” ಎಂದಳು. ನಾನು ಈ ವಾರವೇ ಬಂದು ಹೋಗಲೇ ಎಂದು ಕೇಳಿದೆ.

“ಈಗ ಬೇಡ. ನಾವೇ ಕರೆಯುತ್ತೇವೆ” ಎಂದಳು.