ಒತ್ತಿದರೆ ಮುಚ್ಚಿಕೊಳ್ಳದ ರಕ್ತನಾಳ

ಡಾಪ್ಲರ್ ಅಂದರೆ ಕೆಂಪು, ನೀಲಿ ಬಣ್ಣ ಕಾಣಿಸುವ ಸ್ಕ್ಯಾನಿಂಗ್ ಅಂತ ಎಲ್ಲರಿಗೂ ಗೊತ್ತು. ಆದರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಎಂದು ನೋಡುವಾಗ ನಾನು ಬಣ್ಣಕ್ಕಿಂತ ನನ್ನ ಕೈಯ ಒತ್ತಡವನ್ನೇ ಜಾಸ್ತಿ ನಂಬುತ್ತೇನೆ.

ತೊಡೆಸಂದಿಯಿಂದ ಶುರು ಮಾಡುತ್ತೇನೆ. ಅಲ್ಲಿ ಎರಡು ನಾಳಗಳು ಪಕ್ಕಪಕ್ಕ ಇರುತ್ತವೆ. ದುಂಡಗೆ ಮಿಡಿಯುತ್ತಿರುವುದು ಅಪಧಮನಿ. ಅದರ ಜೊತೆಗಿರುವುದು ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ಅಭಿಧಮನಿ. ಮೈಮೇಲೆ ಇಟ್ಟು ಸ್ಕ್ಯಾನ್ ಮಾಡುವ ಪ್ರೋಬ್‌ನಿಂದ ಸ್ವಲ್ಪ ಒತ್ತಿದರೆ ಸಾಕು, ಅಭಿಧಮನಿ ಚಪ್ಪಟೆಯಾಗಿ ಮಾಯ. ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತದೆ. ಒಳಗೆ ಹೆಪ್ಪು ಕೂತಿದ್ದರೆ ಮುಚ್ಚಿಕೊಳ್ಳುವುದಿಲ್ಲ. ಹೊಸ ಹೆಪ್ಪು ಪರದೆಯ ಮೇಲೆ ಹರಿಯುವ ರಕ್ತದ ಹಾಗೇ ಕಪ್ಪಗೆ ಕಾಣಬಹುದು. ಸುಮ್ನೆ ನೋಡಿದರೆ ನಾಳ ಚೆನ್ನಾಗೇ ಇದೆ ಅನ್ನಿಸುತ್ತದೆ, ಒತ್ತಿದಾಗಲೇ ಗುಟ್ಟು ರಟ್ಟಾಗುವುದು. ಹೀಗೆ ಒಂದೆರಡು ಸೆಂಟಿಮೀಟರಿಗೊಮ್ಮೆ ಒತ್ತುತ್ತಾ ಮಂಡಿಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ ಇಳಿಯುತ್ತೇನೆ. ಹೆಪ್ಪಿನ ತುದಿ ಒಳಗೆ ಅಲ್ಲಾಡುತ್ತಿದ್ದರೆ ಮಾತ್ರ ಅಲ್ಲಿ ಮತ್ತೆ ಒತ್ತಲು ಹೋಗುವುದಿಲ್ಲ.

ಕಷ್ಟ ಇರುವುದು ತೊಡೆಸಂದಿಯ ಮೇಲೆ. ಹೊಟ್ಟೆಯೊಳಗಿನ ನಾಳವನ್ನು ಒತ್ತಲು ಆಗುವುದಿಲ್ಲ. ಆಗ ರೋಗಿಗೆ ನಿಧಾನವಾಗಿ ಉಸಿರಾಡಲು ಹೇಳಿ, ಉಸಿರಿನ ಜೊತೆ ತೊಡೆಯ ರಕ್ತದ ಹರಿವು ಏರಿಳಿಯುತ್ತಿದೆಯಾ ನೋಡುತ್ತೇನೆ. ಏರಿಳಿತವೇ ಇಲ್ಲದಿದ್ದರೆ ಮೇಲೆಲ್ಲೋ ಅಡ್ಡಿಯಿದೆ ಅಂತ ಅನುಮಾನ. ಎಡಗಾಲಾದರೆ ಈ ಅನುಮಾನ ಇನ್ನೂ ಜಾಸ್ತಿ. ಎಡಗಾಲಿಂದ ಬರುವ ಅಭಿಧಮನಿಯ ಮೇಲೆ ಬಲಗಾಲಿಗೆ ಹೋಗುವ ಅಪಧಮನಿ ಹಾದುಹೋಗುತ್ತದೆ, ಬೆನ್ನುಮೂಳೆಗೆ ಒತ್ತಿ ಹಿಡಿಯುತ್ತದೆ. ಬಸುರಿಯರಲ್ಲಿ ಹೆಪ್ಪು ಹೆಚ್ಚಾಗಿ ಎಡಗಾಲಲ್ಲೇ ಸಿಗುವುದಕ್ಕೆ ಇದೂ ಒಂದು ಕಾರಣ.

ಬಾಣಂತಿಯರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗದಿರಲಿ ಅಂತ ಬಸುರಿಯ ಮೈ ಮೊದಲೇ ರಕ್ತ ಬೇಗ ಹೆಪ್ಪುಗಟ್ಟುವಂತೆ ತಯಾರಾಗಿರುತ್ತದೆ. ಹೆರಿಗೆಯಾದ ಮೇಲೂ ಸುಮಾರು 6 ವಾರ ಅಪಾಯ ಇರುತ್ತದೆ. ಸಿಸೇರಿಯನ್ ಆಗಿದ್ದರೆ ಇನ್ನಷ್ಟು. ಅದರ ಮೇಲೆ ನಮ್ಮ ಕಡೆ ಬಾಣಂತಿ ಏಳಬಾರದು, ನೀರು ಜಾಸ್ತಿ ಕುಡಿಯಬಾರದು ಅನ್ನುವ ಕಟ್ಟುಪಾಡು ಬೇರೆ. ಬಾಣಂತನದ ಬಿಸಿನೀರು, ಸಾಂಬ್ರಾಣಿ ಬಗ್ಗೆ ನನ್ನದೇನೂ ತಕರಾರಿಲ್ಲ. ನೀರು ಕೊಡದೆ ಮಲಗಿಸುವುದಕ್ಕೆ ಮಾತ್ರ ತಕರಾರಿದೆ.

"ನಂಜಾಗಿರಬೇಕು ಮೇಡಂ, ದಿನಾ ಎಣ್ಣೆ ಹಚ್ಚಿ ತಿಕ್ತಾ ಇದ್ದೀವಿ" ಅನ್ನುತ್ತಾರೆ ಬಾಣಂತಿಯ ಊದಿದ ಕಾಲು ತೋರಿಸುತ್ತಾ ಜೊತೆಗೆ ಬಂದ ಅಮ್ಮಂದಿರು. "ತಿಕ್ಕೋದು ಇವತ್ತಿಗೇ ನಿಲ್ಲಿಸಿಬಿಡಿ ಅಮ್ಮಾ" ಅನ್ನುತ್ತೇನೆ. ಹೆಪ್ಪಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಸ್ಕ್ಯಾನಿಂಗ್ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ ಅಂತಲೂ ಹೇಳಿ ಕಳಿಸುತ್ತೇನೆ.

ಎರಡೂ ಕಾಲು ಒಂದೇ ಸಮ ಊದಿದ್ದರೆ ಸಾಮಾನ್ಯವಾಗಿ ಕಾರಣ ಬೇರೆ. ಒಂದೇ ಕಾಲಾದರೆ ಟೇಪ್ ತೆಗೆಯುತ್ತೇನೆ. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಮೀನಖಂಡದ ಸುತ್ತಳತೆ ಅಳೆಯುತ್ತೇನೆ. ವ್ಯತ್ಯಾಸ 3 ಸೆಂಟಿಮೀಟರ್ ದಾಟಿದರೆ ಗಮನ ಕೊಡಲೇಬೇಕು. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆಯ ಮಟ್ಟ ಬಾಣಂತಿಯರಲ್ಲಿ, ಆಪರೇಷನ್ ಆದವರಲ್ಲಿ ಹೇಗೂ ಏರಿರುತ್ತದೆ, ಅದೊಂದನ್ನೇ ಹಿಡಿದು ಹೆದರಬೇಕಿಲ್ಲ. ಮೊದಲ ಸ್ಕ್ಯಾನ್‌ನಲ್ಲಿ ಏನೂ ಸಿಗದೆ ಅನುಮಾನ ಹಾಗೇ ಉಳಿದರೆ ಒಂದು ವಾರದೊಳಗೆ ಮತ್ತೆ ಕರೆಸುತ್ತೇನೆ.

ಔಷಧಿ ಬರೆಯುವುದು ಫಿಸಿಷಿಯನ್ ಕೆಲಸ. ಆದರೆ ಪ್ರಶ್ನೆಗಳು ಬರುವುದು ನನ್ನ ಟೇಬಲ್ ಹತ್ತಿರ. ಹೆಪಾರಿನ್ ಇಂಜೆಕ್ಷನ್ ಆಗಲಿ, ಆಮೇಲಿನ ಮಾತ್ರೆಯಾಗಲಿ ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆ ತಡೆಯುತ್ತವೆ, ಕರಗಿಸುವುದನ್ನು ಮೈಯೇ ನೋಡಿಕೊಳ್ಳುತ್ತದೆ. ಅದಕ್ಕೇ ಕನಿಷ್ಠ 3 ತಿಂಗಳ ಕೋರ್ಸ್. ಊತ ಇಳಿಯಿತು ಅಂತ ನಡುವೆ ಬಿಡುವವರು ಜಾಸ್ತಿ. ಔಷಧಿ ಶುರುವಾದ ಮೇಲೆ ಡಾಕ್ಟರ್ ಬೇಡ ಅನ್ನದಿದ್ದರೆ ನಡೆಯಬಹುದು.

ಕೋರ್ಸ್ ಮುಗಿದ ಮೇಲೆ ಮತ್ತೊಮ್ಮೆ ಸ್ಕ್ಯಾನ್ ಮಾಡಿದಾಗ ಹಲವರಲ್ಲಿ ನಾಳದ ಗೋಡೆ ದಪ್ಪಗೇ ಉಳಿದಿರುತ್ತದೆ, ಪೂರ್ತಿ ಚಪ್ಪಟೆಯಾಗುವುದಿಲ್ಲ. ಒತ್ತಿದಾಗ ಎಷ್ಟು ಮಿಲಿಮೀಟರ್ ಉಳಿಯಿತು ಅಂತ ಅಳೆದು ರಿಪೋರ್ಟಿನಲ್ಲಿ ಬರೆಯುತ್ತೇನೆ. ಮುಂದೆಂದಾದರೂ ಅದೇ ಕಾಲು ಊದಿದರೆ ಹಳೆಯದಾ, ಹೊಸ ಹೆಪ್ಪಾ ಅಂತ ತಿಳಿಯುವುದು ಆ ಅಳತೆಯಿಂದಲೇ. ಜನ ಮಾತ್ರ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡು ರಿಪೋರ್ಟ್ ಕಳೆದುಕೊಂಡು ಬರುತ್ತಾರೆ.